ಗ್ರೀನ್‌ಸ್ಟೋನ್ ತೆಗೆದ ದಿನ

ಗ್ರಂಥಾಲಯದ ಹಳೆಯ ಕಂಪ್ಯೂಟರಿನಿಂದ, ಡಿಜಿಟಲ್ ಗ್ರಂಥಾಲಯ ಕಟ್ಟಲು ಬಳಸುವ ಗ್ರೀನ್‌ಸ್ಟೋನ್ ತಂತ್ರಾಂಶವನ್ನು ಇಂದು ತೆಗೆದುಹಾಕಿದೆ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು, ಯುನೆಸ್ಕೋದ ಸಹಕಾರದಿಂದ ಹಲವು ದೇಶಗಳನ್ನು ತಲುಪಿದ ಈ ಮುಕ್ತ ತಂತ್ರಾಂಶವನ್ನು ಅನುಸ್ಥಾಪಿಸುವುದು ಕಷ್ಟವಾಗಿರಲಿಲ್ಲ. ಜಾವಾ ಎಂಬ ಇನ್ನೊಂದು ತಂತ್ರಾಂಶ ಇಲ್ಲದೆ ಅದರ ಲೈಬ್ರೇರಿಯನ್ ಇಂಟರ್‌ಫೇಸ್, ಅಂದರೆ ಸಂಗ್ರಹಗಳನ್ನು ಸಿದ್ಧಪಡಿಸುವ ಪರದೆ, ತೆರೆಯದೆಂದು ತಿಳಿಯಲು ಮಾತ್ರ ನನಗೆ ಅರ್ಧ ದಿನ ಹಿಡಿಯಿತು. ನಿಜವಾದ ಕೆಲಸ ಆಮೇಲಿನದು. ಪ್ರತಿ ಸ್ಮರಣ ಸಂಚಿಕೆಗೂ ಶೀರ್ಷಿಕೆ, ಸಂಪಾದಕರು, ವಿಷಯ, ವರ್ಷಗಳನ್ನು ಕೈಯಾರೆ ತುಂಬಿ, ಸಂಗ್ರಹವನ್ನು ‘ಬಿಲ್ಡ್’ ಆಗಲು, ಅಂದರೆ ಹುಡುಕಲು ಬರುವಂತೆ ಕಟ್ಟಿಕೊಳ್ಳಲು, ಬಿಟ್ಟು, ಪರದೆಯ ಮೇಲೆ ಸರಿಯುವ ಸಾಲುಗಳನ್ನು ನೋಡುತ್ತ ಕಾಫಿ ಮುಗಿಸುತ್ತಿದ್ದೆ. ಹಳೆಯ ಕಡತಗಳು ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿ ಇಲ್ಲದ್ದರಿಂದ ‘ಬೇಂದ್ರೆ’ ಎಂದು ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಅವನ್ನೆಲ್ಲ ಪರಿವರ್ತಿಸಿ, ಸಂಗ್ರಹವನ್ನು ಮತ್ತೆ ಕಟ್ಟಿದ ಮೇಲಷ್ಟೇ ಸಿಕ್ಕವು.

ತೆಗೆಯುವಾಗ ಅದು, ಸಂಗ್ರಹಗಳನ್ನೂ ಅಳಿಸಬೇಕೇ ಎಂದು ಕೇಳಿತು. ಬೀರು ಕೊಳ್ಳಲು ಬಂದವನು ಒಳಗಿನ ಪುಸ್ತಕಗಳನ್ನೂ ಕೊಡುತ್ತೀರಾ ಎಂದು ಕೇಳಿದಂತಾಯಿತು. ಸಂಗ್ರಹಗಳಿರುವ ‘ಕಲೆಕ್ಟ್’ ಫೋಲ್ಡರನ್ನು ಬೆಳಿಗ್ಗೆಯೇ ಬೇರೆ ಡಿಸ್ಕಿಗೆ ನಕಲಿಸಿದ್ದರೂ, ಬೇಡವೆಂದು ಒತ್ತುವ ಮುನ್ನ ಬೆರಳು ಒಂದು ಕ್ಷಣ ತಡೆಯಿತು. ಮೂಲ ಕಡತಗಳೂ ನಾನು ತುಂಬಿದ ವಿವರಗಳೂ ಅದರ ‘ಇಂಪೋರ್ಟ್’ ಫೋಲ್ಡರಿನಲ್ಲಿ ಹಾಗೆಯೇ ಇವೆ. ನಾಳೆಯಿಂದ ಅವನ್ನು ಡಿಸ್ಪೇಸ್ ಎಂಬ ಇಂಥದೇ ಇನ್ನೊಂದು ತಂತ್ರಾಂಶಕ್ಕೆ ಸಾಗಿಸುವ ಕೆಲಸ.