ಎರಡೆಳೆ ದಾರ

ಪಿಯುಸಿಯಲ್ಲಿ ನಮಗೆ ಇಂಗ್ಲಿಷ್ ಕವಿ ಥಾಮಸ್ ಹುಡ್ ಪಠ್ಯದಲ್ಲಿ ಇರಲಿಲ್ಲ. ಆದರೂ ಶನಿವಾರದ ಕೊನೆಯ ಪೀರಿಯಡ್‌ಗೆ ಇಂಗ್ಲಿಷ್ ಮೇಷ್ಟ್ರು ಅವನ ಪದ್ಯಗಳ ದಪ್ಪ ಪುಸ್ತಕ ಹಿಡಿದು ಬರುತ್ತಿದ್ದರು. ನಗಿಸುವ ಪದ್ಯ, ಅಳಿಸುವ ಪದ್ಯ ಎರಡೂ ಅದೊಂದೇ ಪುಸ್ತಕದಲ್ಲಿದ್ದವು.

ಮೊದಲು ಓದಿದ್ದು ಬೆನ್ ಬ್ಯಾಟಲ್ ಎಂಬ ಸಿಪಾಯಿಯ ಕಥೆ. ಫಿರಂಗಿ ಗುಂಡು ಬಡಿದು ಅವನ ಕಾಲು ಹೋಗುತ್ತವೆ. ಅದಕ್ಕೇ ಅವನು 'ಆರ್ಮ್ಸ್' ಕೆಳಗಿಟ್ಟ ಅನ್ನುತ್ತಾನೆ ಹುಡ್. ನಮಗೆ ತಿಳಿಯಲಿಲ್ಲ. ಮೇಷ್ಟ್ರು ತಮ್ಮ ಎರಡೂ ತೋಳು ಎತ್ತಿ, "ಆರ್ಮ್ಸ್ ಅಂದ್ರೆ ಇವೂ ಹೌದು, ಆಯುಧವೂ ಹೌದು, ಅಲ್ವಾ? ಶ್ಲೇಷೆ ಕಣ್ರಪ್ಪಾ!" ಅಂದರು. ಹಿಂದಿನ ಬೆಂಚಿನ ತನಕ ನಗು ಹಬ್ಬಿತು.

ಹೀಗೆ ನಗಿಸುತ್ತಲೇ ಹುಡ್ ಮನೆ ನಡೆಸಿದ. ಸಾಲ ಜಾಸ್ತಿಯಾಗಿ 1835ರಲ್ಲಿ ಲಂಡನ್ ಬಿಟ್ಟ. ಜರ್ಮನಿಯ ಕೊಬ್ಲೆನ್ಸ್‌ನಲ್ಲಿ, ಆಮೇಲೆ ಬೆಲ್ಜಿಯಂನ ಒಸ್ಟೆಂಡ್‌ನಲ್ಲಿ ಇದ್ದು 1840ರಲ್ಲಿ ವಾಪಸು ಬಂದ. ಕಾಯಿಲೆ ಬಿಡಲಿಲ್ಲ. 1845ರಲ್ಲಿ ತೀರಿಕೊಂಡಾಗ ಅವನಿಗೆ 45 ವರ್ಷ.

ಇನ್ನೊಂದು ಶನಿವಾರ ಮೇಷ್ಟ್ರು ಹುಡ್‌ನ 'ಅಂಗಿಯ ಹಾಡು' ಓದಿದರು. 1843ರ ಕ್ರಿಸ್‌ಮಸ್ ಹೊತ್ತಿಗೆ 'ಪಂಚ್' ಪತ್ರಿಕೆಯಲ್ಲಿ ಕವಿಯ ಹೆಸರಿಲ್ಲದೆ ಅಚ್ಚಾದ ಪದ್ಯ ಅದು. ಅದೇ ವರ್ಷ ಲಂಡನ್ನಿನಲ್ಲಿ ಒಬ್ಬ ವಿಧವೆ ಕೋರ್ಟಿಗೆ ಬಂದಿದ್ದಳು. ಹೊಲಿಯಲು ಕೊಟ್ಟ ಬಟ್ಟೆಯನ್ನು ಮಕ್ಕಳ ಹೊಟ್ಟೆಗೆಂದು ಅಡವಿಟ್ಟಿದ್ದಳು. ಎಷ್ಟು ಹೊಲಿದರೂ ವಾರಕ್ಕೆ ಹೆಚ್ಚೆಂದರೆ 7 ಶಿಲ್ಲಿಂಗ್ ಸಿಗುತ್ತಿತ್ತು. ಅವಳ ಸುದ್ದಿಯೇ ಹುಡ್‌ನಿಂದ ಈ ಪದ್ಯ ಬರೆಸಿತು.

ಆ ಪದ್ಯದ ಹೆಂಗಸು ಹೇಳುತ್ತಾಳೆ: ನಾನು ಎರಡೆಳೆ ದಾರದಲ್ಲಿ ಅಂಗಿ ಹೊಲಿಯುತ್ತಿದ್ದೇನೆ, ಜೊತೆಗೇ ಹೆಣದ ಬಟ್ಟೆಯನ್ನೂ. ಮೇಷ್ಟ್ರು ಅಲ್ಲಿ ನಿಂತರು. "ಆರ್ಮ್ಸ್ ನೆನಪಿದೆಯಾ? ಇದೂ ಅದೇ ಕೈಯ ಕೆಲಸ. ಒಂದೇ ಹೊಲಿಗೆಗೆ ಎರಡು ಅರ್ಥ" ಅಂದರು. ಈ ಸಲ ಯಾರೂ ನಗಲಿಲ್ಲ. ಶ್ಲೇಷೆ ಅಂದರೆ ಸುಮ್ನೆ ಮಾತಿನ ಆಟ ಅಂದುಕೊಂಡಿದ್ದ ನನಗೆ, ಆ ಆಟ ಆಡಿ ಪಳಗಿದವನೇ ಇಂಥ ಸಾಲು ಬರೆಯಬಲ್ಲ ಅಂತ ಅನಿಸಿತು. ಇವತ್ತಿಗೂ ಹಾಗೇ ಅನಿಸುತ್ತದೆ.

ನದಿಗೆ ಬಿದ್ದು ಸತ್ತ ಹುಡುಗಿಯ ಬಗ್ಗೆ ಹುಡ್ ಬರೆದ ಪದ್ಯವನ್ನು ಬಿಎಂಶ್ರೀ 'ದುಃಖಸೇತು' ಅಂತ ಕನ್ನಡಕ್ಕೆ ತಂದಿದ್ದಾರೆ. ಈಗಿನ ವಿದ್ಯಾರ್ಥಿಗಳು ಲೈಬ್ರರಿಯಲ್ಲಿ 'ಇಂಗ್ಲಿಷ್ ಗೀತಗಳು' ತೆಗೆದು ಅದನ್ನು ಓದಬೇಕು. ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು.

ನಮ್ಮ ಅಮ್ಮ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಹಬ್ಬ ಬಂತೆಂದರೆ ನಡುರಾತ್ರಿಯವರೆಗೂ ಮೆಷಿನ್ ಸದ್ದು. ಆ ಶನಿವಾರ ಮೇಷ್ಟ್ರನ್ನು ಕೇಳಿ ಪುಸ್ತಕ ಮನೆಗೆ ತಂದೆ. ಅಮ್ಮ ಹುಕ್ಸು ಹಾಕುತ್ತಿದ್ದಳು. ಪಕ್ಕದಲ್ಲಿ ಕೂತು 'ಅಂಗಿಯ ಹಾಡಿ'ನ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ.

"ಮೆಷಿನ್ ಇರ್ಲಿಲ್ವಾ ಅವಳಿಗೆ?" ಅಂತ ಕೇಳಿದಳು.

"ಇಲ್ಲಮ್ಮ, ಎಲ್ಲಾ ಕೈಹೊಲಿಗೆ."

ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಇನ್ನೊಂದ್ಸಲ ಓದು" ಅಂದಳು.