ಗ್ಯಾಸಿನ ದುಡ್ಡು ಯಾರ ಲೆಕ್ಕಕ್ಕೆ?

14 ಜುಲೈ 2024, ಭಾನುವಾರ
ಮಂಗಳೂರು

ಬೆಳಿಗ್ಗೆಯಿಂದ ಬಿಡದೆ ಮಳೆ. ಹತ್ತು ಗಂಟೆಗೆ ಕರೆಂಟು ಹೋಯಿತು. ಮಗಳು ಕಿಟಕಿ ಹತ್ತಿರ ಕೂತು, ಎಂಬತ್ತು ದಿನಗಳಲ್ಲಿ ಭೂಮಿ ಸುತ್ತುವ ಜೂಲ್ ವರ್ನ್ ಕಾದಂಬರಿ ಮುಗಿಸಿದಳು. ಮುಗಿಸಿದವಳೇ ಸಿಟ್ಟಿನಲ್ಲಿ ಅಡುಗೆಮನೆಗೆ ಬಂದಳು.

“ಎಂತ ಅಪ್ಪ ಇವ! ಪಾಸ್‌ಪಾರ್ತುವಿನ ಹತ್ರ ಗ್ಯಾಸ್ ದುಡ್ಡು ಹಿಡ್ಕೊಂಡಿದ್ದಾನೆ!”

ಅಡುಗೆ ಗ್ಯಾಸ್ ಅಲ್ಲ, ದೀಪದ್ದು. ಪಾಸ್‌ಪಾರ್ತು, ಎಂಬತ್ತು ದಿನದಲ್ಲಿ ಭೂಮಿ ಸುತ್ತಿ ಬರುತ್ತೇನೆ ಅಂತ ಬಾಜಿ ಕಟ್ಟಿದ ಫಾಗ್ ಸಾಹೇಬನ ಆಳು. ಇನ್ನಾದರೂ ಒಂದು ಕಡೆ ಸುಮ್ನೆ ಇರುವ ಅಂತ 1872ರ ಅಕ್ಟೋಬರ್ 2ರಂದು ಲಂಡನ್ನಿನಲ್ಲಿ ಕೆಲಸಕ್ಕೆ ಸೇರುತ್ತಾನೆ. ಅದೇ ರಾತ್ರಿ ಯಜಮಾನ ಹೊರಡು ಅನ್ನುತ್ತಾನೆ! ಗಡಿಬಿಡಿಯಲ್ಲಿ ಕೋಣೆಯ ದೀಪ ಆರಿಸಲು ಮರೆತ. ದಿನಕ್ಕೆ ಎರಡು ಶಿಲಿಂಗ್ ಖರ್ಚು, ಅವನ ದಿನದ ಸಂಬಳಕ್ಕಿಂತ ಆರು ಪೆನ್ಸ್ ಜಾಸ್ತಿ. 1,920 ಗಂಟೆ, ಅಂದರೆ ಎಂಬತ್ತು ದಿನ ಉರಿಯಿತು. ಮಗಳು ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದ್ದಳು: ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್, ಒಟ್ಟು ಎಂಟು ಪೌಂಡ್.

ಇದೇ ಫಾಗ್ ದಾರಿಯಲ್ಲಿ ಆನೆಗೆ 2,000 ಪೌಂಡ್ ಕೊಟ್ಟು, ಕೆಲಸ ಮುಗಿದ ಮೇಲೆ ಅದನ್ನು ಮಾವುತನಿಗೆ ಹಾಗೇ ಬಿಟ್ಟುಕೊಟ್ಟವನು. ಕೊನೆಗೆ ಉಳಿದ ಸಾವಿರ ಪೌಂಡನ್ನು ಆಳಿಗೂ, ಇಡೀ ದಾರಿ ಕಾಟ ಕೊಟ್ಟ ಪತ್ತೇದಾರ ಫಿಕ್ಸ್‌ಗೂ ಹಂಚುತ್ತಾನೆ. ಹಿಡಿದುಕೊಂಡದ್ದು ಮಾತ್ರ ಆಳಿನ ಪಾಲಿನಿಂದ. ಶಿಸ್ತಂತೆ!

ಫಾಗ್ ಕೆಟ್ಟವನಲ್ಲ, ನಿಜ. ಅಮೆರಿಕದಲ್ಲಿ ಪಾಸ್‌ಪಾರ್ತು ಸೆರೆ ಸಿಕ್ಕಾಗ ಬಾಜಿ ಹೋದರೂ ಹೋಗಲಿ ಅಂತ ಬಿಡಿಸಲು ಹೋದವನು. ಆದರೆ ಕಥೆ ನಡೆಸಿದ್ದು ಯಾರು? ಯಜಮಾನ ಹಡಗಿನಲ್ಲಿ ಕೂತು ಇಸ್ಪೀಟು ಆಡುತ್ತಾನೆ. ಊರು ನೋಡಲಿಕ್ಕೆ ಇಳಿಯುವುದು, ಮುಂಬೈಯ ದೇವಸ್ಥಾನಕ್ಕೆ ಬೂಟು ಹಾಕಿಕೊಂಡು ನುಗ್ಗಿ ಪೆಟ್ಟು ತಿನ್ನುವುದು, ಸತ್ತ ರಾಜನ ವೇಷದಲ್ಲಿ ಚಿತೆಯಿಂದ ಎದ್ದು ಬಂದು, ಸತಿ ಹೋಗಬೇಕಿದ್ದ ಅವನ ಹೆಂಡತಿ ಔದಾಳನ್ನು ಉಳಿಸುವುದು, ಎಲ್ಲ ಇವನೇ. ಕೊನೆಗೆ, ಪೂರ್ವದ ಕಡೆಗೆ ಸುತ್ತಿದ್ದರಿಂದ ಒಂದು ದಿನ ಲಾಭವಾಗಿದೆ ಅಂತ ಪಾದ್ರಿಯ ಮನೆಯಲ್ಲಿ ತಿಳಿದು ಓಡಿ ಬರುವವನೂ ಅವನೇ. ಅವನು ಓಡದಿದ್ದರೆ ಬಾಜಿ ಹೋಗುತ್ತಿತ್ತು.

ನಮ್ಮ ಯಕ್ಷಗಾನದ ಆಟದಲ್ಲಾದರೆ ಈ ಪಾತ್ರ ಹಾಸ್ಯಗಾರನಿಗೆ. ದೂತನೋ ಚಾರಕನೋ ಆಗಿ ಬಂದವನು ರಾಜನ ಮುಖಕ್ಕೇ ಮಾತಾಡುತ್ತಾನೆ. ಅರ್ಥ, ಅಂದರೆ ಪಾತ್ರದ ಮಾತು, ಬರೆದಿಟ್ಟಿರುವುದಿಲ್ಲ, ಬಾಯಿಗೆ ಬಂದದ್ದೇ ಮಾತು. ಒಳ್ಳೆಯ ಹಾಸ್ಯಗಾರ ಸಿಕ್ಕಿದ್ದರೆ ಈ ಗ್ಯಾಸಿನ ಮಾತನ್ನು ಅರ್ಧ ಗಂಟೆ ಎಳೆಯುತ್ತಿದ್ದ. ಪದ ಹಾಡುವ ಭಾಗವತರು ತಾಳ ಹಿಡಿದು ಕಾಯಬೇಕಿತ್ತು. ನಮ್ಮ ತುಳುನಾಡಿನ ದೈವಗಳಲ್ಲೂ ನೋಡಿ, ಜುಮಾದಿ ಎಂಬ ದೈವದ ಪಕ್ಕದಲ್ಲಿ ಬಂಟ ಇರುತ್ತಾನೆ. ಆಳೇ ಆದರೂ ಅವನಿಗೂ ಪೂಜೆ ಉಂಟು.

ಮಗಳಿಗೆ ಇದನ್ನೆಲ್ಲ ಹೇಳಿದೆ. “ಹಾಗಾದ್ರೆ ಅವ ಕೆಲಸ ಬಿಡಬೇಕಿತ್ತಲ್ವಾ?” ಅಂದಳು. ಅವನಿಗೆ ಯಜಮಾನನ ಮೇಲೆ ಪ್ರೀತಿ ಅಂದೆ. “ಪ್ರೀತಿ ಅಂತ ಬರೆದದ್ದು ಅವ ಅಲ್ವಲ್ಲ, ಬರಹಗಾರ.” ನಾನು ಸುಮ್ಮನೆ ತೆಂಗಿನಕಾಯಿ ತುರಿದೆ.

ಮೂರೂವರೆಗೆ ಕರೆಂಟು ಬಂತು. ನನ್ನ ಕೋಣೆಯಲ್ಲಿ ಲೈಟು, ಫ್ಯಾನು ಎರಡೂ ಶುರುವಾದವು. ಆಚೆಯಿಂದ ಕೂಗಿದಳು: “ಅಪ್ಪಾ, ಎಷ್ಟು ಗಂಟೆ ಅಂತ ಬರ್ಕೊಳ್ಳಿ!”