ಅಲೆಯನ್ನು ಯಾರು ಮಾಡುತ್ತಾರೆ?

“ಅಮ್ಮ, ಅಜ್ಜಿಯ ಊರಿನಲ್ಲಿ ಅಲೆಯನ್ನು ಯಾರು ಮಾಡುತ್ತಾರೆ?” ಎಂದು ಮಗಳು ಕಳೆದ ತಿಂಗಳು ಕೇಳಿದಾಗ ನಾನು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ, ಮಿನ್ನೆಸೋಟಾದಲ್ಲಿ ಹುಟ್ಟಿ ಬೆಳೆದ ಮಗುವಿನ ಬಾಯಲ್ಲಿ ಅದು ತೀರಾ ಸಹಜವಾದ ಪ್ರಶ್ನೆ. ಇಲ್ಲಿ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ‘10,000 ಸರೋವರಗಳು’ ಎಂದು ಅಚ್ಚಾಗಿರುತ್ತದೆ. ನೀರಿಗೆ ಬರವಿಲ್ಲ, ಆದರೆ ಸಮುದ್ರ ನೋಡಬೇಕಾದರೆ ವಿಮಾನ ಹತ್ತಬೇಕು. ಮೈಯೊಡ್ಡಿ ಆಡಬಹುದಾದ ಅಲೆ ಎಂದು ಅವಳು ಕಂಡಿರುವುದೆಲ್ಲ ಬೋಟಿನ ಹಿಂದೆ ಏಳುವಂಥದ್ದು; ಅದನ್ನು ಏಳಿಸಲು ಯಾರಾದರೊಬ್ಬರು ಸ್ಟೇರಿಂಗ್ ಹಿಡಿದು ಕೂತಿರಲೇಬೇಕು.

ಈ ಆಟದ ಹೆಸರು ವೇಕ್‌ಸರ್ಫಿಂಗ್. ಬೋಟಿನೊಳಗಿನ ಟ್ಯಾಂಕುಗಳಿಗೆ ಸರೋವರದ ನೀರನ್ನೇ ಪಂಪ್ ಮಾಡಿ ತುಂಬಿಸಿ, ಅದರ ಹಿಂಭಾಗವನ್ನು ಬೇಕೆಂದೇ ಭಾರ ಮಾಡುತ್ತಾರೆ. ಗಂಟೆಗೆ 16ರಿಂದ 19 ಕಿಲೋಮೀಟರ್ ವೇಗದಲ್ಲಿ ಅಂಥ ಬೋಟು ನೀರು ಸೀಳಿಕೊಂಡು ಹೋದಾಗ ಅದರ ಬೆನ್ನಿಗೇ ಒಂದು ದೊಡ್ಡ ಅಲೆ ಎದ್ದು, ಬೋಟು ಸಾಗುವಷ್ಟು ಹೊತ್ತೂ ಹಾಗೆಯೇ ಹಿಂಬಾಲಿಸುತ್ತದೆ. ಹಗ್ಗ ಹಿಡಿದು ಹಲಗೆಯ ಮೇಲೆ ಎದ್ದು ನಿಂತವರು, ಅಲೆಯ ಇಳಿಜಾರು ಕಾಲಿಗೆ ಸಿಕ್ಕಿದ ಕೂಡಲೇ ಹಗ್ಗವನ್ನು ಕೈಬಿಡುತ್ತಾರೆ. ಅಲ್ಲಿಂದ ಮುಂದಕ್ಕೆ ಒಯ್ಯುವುದು ಅಲೆಯೇ. ಬೋಟಿಗೂ ಆಟಗಾರರಿಗೂ ನಡುವೆ ಇರುವುದು ಕೆಲವೇ ಅಡಿಗಳ ಅಂತರವಾದ್ದರಿಂದ ಪ್ರೊಪೆಲ್ಲರ್ ತಳದ ಅಡಿಯಲ್ಲಿ ಒಳಸರಿದಿರುವ ಬೋಟುಗಳೇ ಇದಕ್ಕೆ ಬೇಕು. ಹೊಸದರ ಬೆಲೆ ಒಂದು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಅಲೆ ಮಾಡುವುದು ಅಗ್ಗದ ಕೆಲಸವಲ್ಲ ಎಂಬುದು ನನ್ನ ಮಗಳಿಗೂ ಗೊತ್ತು.

ಪಕ್ಕದ ಮನೆಯ ಹಿರಿಯರು ನಿವೃತ್ತ ಬಡಗಿ. ಬೋಟು ಅವರ ಅಳಿಯನದು. ಹಲಗೆ ಮಾತ್ರ ತಮ್ಮ ಕೈಯದೇ ಆಗಬೇಕೆಂಬ ಹಟ ಅವರಿಗೆ. ಅಂಗಡಿಯಲ್ಲಿ ಕೆಲವು ನೂರು ಡಾಲರಿಗೆ ಸಿಗುವ ವಸ್ತುವನ್ನು ಮನೆಯಲ್ಲೇ ಮಾಡುತ್ತೇನೆಂದು ಹೊರಟದ್ದು ಬೀದಿಯಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಈ ರಾಜ್ಯಕ್ಕೆ ಆ ಚಾಳಿ ಹಳೆಯದು. 1922ರಲ್ಲಿ ಇಲ್ಲಿಯ ಲೇಕ್ ಸಿಟಿಯ ಹದಿನೆಂಟು ವರ್ಷದ ಹುಡುಗ ರಾಲ್ಫ್ ಸ್ಯಾಮ್ಯುಯೆಲ್‌ಸನ್, ಪೀಪಾಯಿಯ ಹಲಗೆಗಳನ್ನೂ ಹಿಮದ ಸ್ಕೀಗಳನ್ನೂ ಕಾಲಿಗೆ ಕಟ್ಟಿ ನೋಡಿ ಸೋತು, ಕೊನೆಗೆ ಪೈನ್ ಮರದ ಎರಡು ಹಲಗೆಗಳ ತುದಿಯನ್ನು ಕುದಿನೀರಿನಲ್ಲಿ ಮೆದುಗೊಳಿಸಿ ಬಗ್ಗಿಸಿಕೊಂಡು, ಪೆಪಿನ್ ಸರೋವರದಲ್ಲಿ ಬೋಟಿನ ಹಿಂದೆ ನಿಂತು ಸಾಗಿದ. ವಾಟರ್ ಸ್ಕೀಯಿಂಗ್ ಹುಟ್ಟಿದ್ದು ಹಾಗೆ.

ನೆರೆಯ ಹಿರಿಯರ ಹಲಗೆಯ ಒಡಲಿಗೆ ಬೇಕಾದದ್ದು ಹಾರ್ಡ್‌ವೇರ್ ಅಂಗಡಿಯಿಂದ ಬಂತು. ಚಳಿ ತಡೆಯಲು ಇಲ್ಲಿಯ ಮನೆಗಳ ಗೋಡೆಗೆ ಹೊದಿಸುವ ಗುಲಾಬಿ ಬಣ್ಣದ ಪಾಲಿಸ್ಟೈರೀನ್ ಫೋಮ್ ಅದು; ನಮ್ಮ ಥರ್ಮೋಕೋಲಿನ ಜಾತಿಯದೇ, ಆದರೆ ಮುರಿದರೆ ಕಾಳುಕಾಳಾಗಿ ಉದುರುವುದಿಲ್ಲ. ಒಂದು ಇಂಚು ದಪ್ಪದ ಎರಡು ಹಾಳೆಗಳ ನಡುವೆ ಅಂಟು ಸವರಿ, ಎರಡು ತುದಿಗಳ ಅಡಿಗೆ ಮರದ ತುಂಡು ಕೊಟ್ಟು, ನಡುವೆ ಸಿಮೆಂಟ್ ಬ್ಲಾಕುಗಳನ್ನು ಹೇರಿ ಅವರು ರಾತ್ರಿಯಿಡೀ ಬಿಟ್ಟರು. ಮರುದಿನ ಭಾರ ಇಳಿಸಿದ ಮೇಲೂ ಬಾಗು ಹಾಗೆಯೇ ನಿಂತಿತ್ತು. ಮೂತಿ ನೀರಿಗೆ ಹೊಕ್ಕು ಮಗುಚದಂತೆ ಕಾಯುವುದು ಆ ಬಾಗೇ. ಬಳಿಕ ರಟ್ಟಿನ ಅಚ್ಚಿಟ್ಟು ಗೆರೆ ಎಳೆದು, ಐದಡಿಗೆ ತುಸು ಕಡಿಮೆ ಉದ್ದಕ್ಕೆ ಕೊಯ್ದು, ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜುತ್ತಾ ವಾರಗಟ್ಟಲೆ ಕೂತರು. ಮುಂದಿನ ಅಂಚು ದುಂಡಗೆ, ಹಿಂದಿನದು ಚೂಪು. ಹಿಂಬದಿಯಲ್ಲಿ ನೀರು ಅಂಟಿಕೊಂಡು ಜಗ್ಗದೆ ಬಿಟ್ಟುಹೋಗಬೇಕಂತೆ. ಶಾಲೆಯಿಂದ ಬಂದ ಮಗಳು ಅಲ್ಲೇ ಠಿಕಾಣಿ ಹೂಡುತ್ತಿದ್ದುದರಿಂದ ಅವಳ ತಲೆಯಲ್ಲಿ ದಿನವೂ ಗುಲಾಬಿ ಪುಡಿ ಇರುತ್ತಿತ್ತು.

ನಾನು ಆ ಗ್ಯಾರೇಜಿನೊಳಗೆ ಹೊಕ್ಕದ್ದು ಗಾಜಿನ ನೂಲಿನ ಫೈಬರ್ ಬಟ್ಟೆಯ ಸುರುಳಿ ಕಣ್ಣಿಗೆ ಬಿದ್ದ ದಿನ. ಮಲ್ಪೆಯಲ್ಲಿ ನಮ್ಮ ಮನೆಯ ಎದುರು, ರಸ್ತೆಯಾಚೆ, ಫೈಬರ್ ದೋಣಿ ಮಾಡುವ ಒಂದು ಶೆಡ್ ಇತ್ತು. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುವಂತೆ ಆಗಲೂ ಮಳೆಗಾಲದ ಕಡಲು ನಾಡದೋಣಿಗಳದ್ದಾಗಿತ್ತು. ಹಾಗಾಗಿ ಮೇ ತಿಂಗಳಲ್ಲಿ ಶೆಡ್ಡಿನವರಿಗೆ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಬೇಸಿಗೆ ರಜೆಯ ನನ್ನ ನೆನಪುಗಳಿಗೆಲ್ಲ ಫೈಬರ್ ಬಟ್ಟೆಗೆ ಸುರಿದು ಗಟ್ಟಿಯಾಗಲು ಬಿಡುವ ಅಂಟುದ್ರವದ, ಅಂದರೆ ಪಾಲಿಯೆಸ್ಟರ್ ರೆಸಿನ್ನಿನ, ಮೂಗು ಕೊರೆಯುವ ವಾಸನೆ ಅಂಟಿಕೊಂಡಿದೆ. ಹಿರಿಯರು ಡಬ್ಬಿಯ ಮುಚ್ಚಳ ತೆಗೆದಾಗ ನಾನು ಆ ವಾಸನೆಗಾಗಿ ಕಾದೆ. ಬರಲಿಲ್ಲ. ಇದು ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್, ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಈ ಫೋಮನ್ನು ಕರಗಿಸಿ ತಿಂದುಬಿಡುತ್ತದೆ, ಆದ್ದರಿಂದ ಎಪಾಕ್ಸಿಯೇ ಆಗಬೇಕು ಎಂದು ಅವರು ವಿವರಿಸಿದರು. ಎರಡು ಪಾಲು ರೆಸಿನ್ನಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಒಂದು ಪಾಲು ಅಳೆದು ಕಲಸಿದ ಮೇಲೆ ಲೋಟದಲ್ಲಿ ಬಿಟ್ಟು ಹರಟುವಂತಿಲ್ಲ, ಗುಂಪಾಗಿದ್ದಷ್ಟೂ ಅದು ಬಿಸಿಯೇರಿ ಹೊಗೆಯಾಡತೊಡಗುತ್ತದೆ. ಹಲಗೆಯ ಮೇಲೆ ಹಾಸಿದ ಬಟ್ಟೆಗೆ ಕೂಡಲೇ ಸುರಿದು, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಎಳೆಯುತ್ತಾ ಹೋದಂತೆ ಬಿಳಿಯ ಬಟ್ಟೆ ಕಣ್ಣೆದುರೇ ಮಾಯವಾಗಿ ಕೆಳಗಿನ ಗುಲಾಬಿ ಬಣ್ಣ ಮೇಲೆ ಬಂತು. ಎಲ್ಲಿ ಇನ್ನೂ ಬೆಳ್ಳಗೆ ಉಳಿದಿದೆಯೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಅರ್ಥ. ಅದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಕೆಲಸಕ್ಕೆ ಕೂರುವ ಮುನ್ನ ಹಿರಿಯರು ಎರಡು ಫಿಲ್ಟರಿನ ಮುಖವಾಡ, ಮೊಣಕೈವರೆಗಿನ ಕೈಗವಸು, ಕುತ್ತಿಗೆವರೆಗೆ ಗುಂಡಿ ಹಾಕಿದ ಅಂಗಿ ತೊಡುತ್ತಿದ್ದರು. ಉಜ್ಜುವಾಗ ಪಕ್ಕದಲ್ಲಿ ಧೂಳು ಹೀರುವ ಯಂತ್ರ ಓಡುತ್ತಿರುತ್ತಿತ್ತು. ನಮ್ಮ ಶೆಡ್ಡಿನವರು ಬನಿಯನ್ ಮತ್ತು ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿಯಲ್ಲಿ ಕೂತು, ಗಾಜಿನ ಪುಡಿಯ ತುರಿಕೆಗೆ ಮುಂಚಿತವಾಗಿ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದರು. ಅಷ್ಟೇ ಅವರ ರಕ್ಷಣೆ. ಸಂಜೆ ನಮ್ಮ ಬಾವಿಕಟ್ಟೆಗೆ ಬಂದು ತಣ್ಣೀರು ಸುರಿದುಕೊಳ್ಳುವಾಗ ಅವರ ಮುಂಗೈ ಕೆಂಪಾಗಿರುವುದನ್ನು ನಾನು ಕಂಡಿದ್ದೇನೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ “ಓದದಿದ್ದರೆ ನಾಳೆ ಎದುರಿನ ಶೆಡ್ಡೇ ಗತಿ” ಎಂದು ಅಣ್ಣನನ್ನು ಬೆದರಿಸುವುದು ನಮ್ಮ ಮನೆಯ ವಾಡಿಕೆ. ಅದು ರಸ್ತೆಯಾಚೆಗೆ ಕೇಳಿಸುತ್ತದೆ ಎಂಬ ಸಂಕೋಚವೂ ಯಾರಿಗಿರಲಿಲ್ಲ. ಇಲ್ಲಿ ಭಾನುವಾರ ಬೆಳಿಗ್ಗೆ ಬೀದಿಯ ವೈದ್ಯರೂ ವಕೀಲರೂ ಕಾಫಿ ಲೋಟ ಹಿಡಿದು ಬಂದು, ಅರೆಬರೆ ಹಲಗೆಯನ್ನು ಸವರಿ, ಬಡಗಿಯ ಕೈಗುಣವನ್ನು ಹೊಗಳಿ ಹೋಗುತ್ತಾರೆ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ ಎಂಬುದನ್ನೂ ಹೇಳಬೇಕು: ಇವರು ಪಿಂಚಣಿ ಪಡೆಯುತ್ತಾ ಮೊಮ್ಮಕ್ಕಳಿಗಾಗಿ ಮಾಡುವವರು, ಅವರು ದಿನಗೂಲಿಗೆ ದುಡಿದವರು. ಮುಖವಾಡದ ಬೆಲೆ ಮಾತ್ರ ಎರಡೂ ಕಡೆ ಅಂಥ ದೊಡ್ಡದೇನಲ್ಲ.

ಜೂನ್ ತಿಂಗಳ ಒಂದು ಬಿಸಿಲಿನ ಮಧ್ಯಾಹ್ನ ಸಿದ್ಧವಾದ ಹಲಗೆ ಹುಲ್ಲಿನ ಮೇಲೆ ಒರಗಿತ್ತು. ಬಾಲದ ಹತ್ತಿರ ಅದರ ಹೊಳಪಿನಲ್ಲಿ ಏನೋ ವ್ಯತ್ಯಾಸ ಕಂಡಂತಾಗಿ ನಾನು ಗೆಣ್ಣಿನಿಂದ ತಟ್ಟುತ್ತಾ ಹೋದೆ. ಉದ್ದಕ್ಕೂ ಬಿಗಿಯಾದ, ಚುಟುಕಾದ ಸದ್ದು. ಅಂಗೈ ಅಗಲದ ಒಂದು ಜಾಗದಲ್ಲಿ ಮಾತ್ರ ಪೊಳ್ಳು. ಫೈಬರ್ ಅಲ್ಲಿ ಫೋಮನ್ನು ಬಿಟ್ಟು ಮೇಲೆದ್ದಿತ್ತು. ಈ ಜಾತಿಯ ಫೋಮಿನ ನುಣುಪು ಮೈಯನ್ನು ಚೆನ್ನಾಗಿ ಒರಟು ಮಾಡದೆ ರೆಸಿನ್ ಹಾಕಿದರೆ ಬಿಸಿಲಿನ ಝಳಕ್ಕೆ ಹಾಗೆ ಬಿಡುವುದುಂಟು. ದೋಣಿಯ ಮೈಯನ್ನು ಬೆರಳ ಗೆಣ್ಣಿನಿಂದಲೋ ನಾಣ್ಯದಿಂದಲೋ ತಟ್ಟಿ, ಕಿವಿಗೊಟ್ಟು, ಸೀಮೆಸುಣ್ಣದಲ್ಲಿ ವೃತ್ತ ಹಾಕುತ್ತಿದ್ದ ಶೆಡ್ಡಿನ ಹಿರಿಯ ಕೆಲಸಗಾರರನ್ನು ನಾನು ಬಾಲ್ಯವಿಡೀ ನೋಡಿದ್ದೆ. ಅವರನ್ನು ಊರೆಲ್ಲ ಅಣ್ಣ ಎಂದೇ ಕರೆಯುತ್ತಿತ್ತು. ನೆರೆಯವರು ತಾವೂ ತಟ್ಟಿ ನೋಡಿ, ಹೌದೆಂದು ತಲೆಯಾಡಿಸಿ, “ನಿಮ್ಮ ತಂದೆ ದೋಣಿ ಕಟ್ಟುವವರೇ?” ಎಂದು ನಿಜವಾದ ಗೌರವದಿಂದ ಕೇಳಿದರು. ನನ್ನ ತಂದೆ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ಆ ಉತ್ತರ ಹೇಳುವಾಗ ನನಗೆ ಒಂದು ಬಗೆಯ ಕೀಳರಿಮೆ ಮೂಡಿತೆಂದರೆ ನಮ್ಮ ಮನೆಯವರು ನಂಬಲಾರರು. ನೆರೆಯವರು ಆ ಭಾಗವನ್ನು ಕೊಯ್ದು ತೆಗೆದು, ಒರಟು ಕಾಗದದಿಂದ ಉಜ್ಜಿ, ಹೊಸ ತೇಪೆ ಹಾಕಿ, ಬಿಸಿಲು ಹೀರದಿರಲೆಂದು ಮೇಲಕ್ಕೆಲ್ಲ ಬಿಳಿ ಬಣ್ಣ ಬಳಿದರು.

ಮಗಳ ಪ್ರಶ್ನೆಗೆ ಇಷ್ಟರಲ್ಲಿ ಬಾಲ ಬೆಳೆದಿತ್ತು. ಅಲೆಯನ್ನು ಅಲ್ಲಿ ಯಾರೂ ಮಾಡಬೇಕಾಗಿಲ್ಲ, ಗಾಳಿಯೇ ತರುತ್ತದೆ, ಹಗಲೂ ರಾತ್ರಿಯೂ ಬರುತ್ತಲೇ ಇರುತ್ತದೆ ಎಂದದ್ದೇ ತಡ, “ಹಾಗಾದರೆ ನೀನ್ಯಾಕೆ ಅದರ ಮೇಲೆ ನಿಲ್ಲಲಿಲ್ಲ?” ಎಂದಳು. ನಾನು ಕಾರಣಗಳನ್ನು ಕೊಟ್ಟೆ. ಕಡಲು ಪ್ರತಿ ವರ್ಷ ಯಾರನ್ನಾದರೂ ಎಳೆದುಕೊಳ್ಳುತ್ತದೆ. ಹುಡುಗಿಯರು ಒದ್ದೆ ಬಟ್ಟೆಯಲ್ಲಿ ದಡದ ಮೇಲೆ ನಡೆದು ಬರುವಂತಿರಲಿಲ್ಲ. ಬಿಸಿಲಿಗೆ ಕಪ್ಪಾಗುತ್ತೀ ಎಂಬ ಭಯ ಬೇರೆ. ಬೆನ್ನಿಗೆ ಒಣ ತೆಂಗಿನಕಾಯಿ ಕಟ್ಟಿಕೊಂಡು ನಾನು ಈಜು ಕಲಿತದ್ದು ನೆಂಟರ ಮನೆಯ ಕೆರೆಯಲ್ಲಿ; ಕಡಲಿರುವುದು ಅಮಾವಾಸ್ಯೆಯ ಸ್ನಾನಕ್ಕೆ, ಬೂದಿ ಬಿಡುವುದಕ್ಕೆ, ಸಂಜೆ ಚರುಮುರಿ ತಿನ್ನುತ್ತಾ ದೂರದಿಂದ ನೋಡುವುದಕ್ಕೆ. ಮಗಳಿಗೂ ಅದರ ಅನುಭವವಿದೆ. ಇಲ್ಲಿಯ ಶಾಲೆಗೆ ರಜೆ ಸಿಗುವುದು ನಮ್ಮ ಮಳೆಗಾಲದಲ್ಲೇ ಆದ್ದರಿಂದ ಅವಳು ಮಲ್ಪೆಯ ಕಡಲನ್ನು ಕಂಡಿರುವುದು ಕೆಂಪು ಬಾವುಟ ಮತ್ತು ಬಲೆಯ ಬೇಲಿಯ ಈಚೆಯಿಂದ ಮಾತ್ರ.

ಕಾರಣಗಳನ್ನು ಹೇಳುತ್ತಿರುವಾಗಲೇ ಒಂದು ಸಂಗತಿ ನೆನಪಾಗಿ ಮಾತು ತಡೆಯಿತು. ಯಾರೂ ನಿಲ್ಲಲಿಲ್ಲ ಎಂಬುದು ಸುಳ್ಳು. ಒಡೆದ ಮೀನಿನ ಪೆಟ್ಟಿಗೆಯ ಥರ್ಮೋಕೋಲ್ ತುಂಡನ್ನು ಎದೆಗೊತ್ತಿಕೊಂಡು ಅಲೆಯ ತಲೆಯಿಂದ ದಡದವರೆಗೆ ಜಾರಿ ಬರುವ ಹುಡುಗರು ಅಲ್ಲಿ ಯಾವಾಗಲೂ ಇದ್ದರು. ಅವರಲ್ಲೊಬ್ಬ ಮೊಣಕಾಲೂರಿ, ಒಂದು ಕ್ಷಣ ಎದ್ದೂ ನಿಂತದ್ದನ್ನು ನಾನು ಕಲ್ಲುಕಟ್ಟೆಯ ಮೇಲೆ ಕೂತು ನೋಡಿದ್ದೇನೆ. ಮರುದಿನ ಅವನೇ ಶೆಡ್ಡಿನಲ್ಲಿ ಬಕೆಟ್ ಹಿಡಿದು ರೆಸಿನ್ ಕಲಸುತ್ತಿದ್ದ. ನಾವು ಅವರನ್ನು ಪೋಲಿಗಳೆಂದು ಕರೆದೆವು, ಅದನ್ನು ಆಟವೆಂದು ಲೆಕ್ಕಕ್ಕೇ ಹಿಡಿಯಲಿಲ್ಲ. ಹಲಗೆ ಮಾಡಬಲ್ಲ ಕೈ, ಅಲೆ ಓದಬಲ್ಲ ಕಣ್ಣು ಎರಡೂ ಒಬ್ಬನಲ್ಲೇ ಇದ್ದವು. ಅವನಿಗೆ ಇಲ್ಲದ್ದು ಬಿಡುವು ಮತ್ತು ಭೇಷ್ ಎನ್ನುವವರು.

ಅಮೆರಿಕದಿಂದ ಬಂದು ಮೂಲ್ಕಿಯ ಆಶ್ರಮದಲ್ಲಿ ನೆಲೆಸಿದ ಜ್ಯಾಕ್ ಹೆಬ್ನರ್ ಮತ್ತು ಅವರ ಸಂಗಡಿಗರು 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದ ಮೇಲಷ್ಟೇ ನಮ್ಮ ಕರಾವಳಿಯ ಓದಿದ ಜನ ಆ ಅಲೆಗಳತ್ತ ಬೇರೆ ಕಣ್ಣಿನಿಂದ ನೋಡಿದರು. 2016ರಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ನಮ್ಮ ಕಡೆಯವಳೇ ಆದ ತನ್ವಿ ಜಗದೀಶ್, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡಲ್ ಸ್ಪರ್ಧೆಗಳಲ್ಲಿ ದೇಶವನ್ನು ಪ್ರತಿನಿಧಿಸಿದಳು. ಅವಳ ವಿಡಿಯೊ ತೋರಿಸಿದಾಗ ಮಗಳು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿ, ಬೋಟು ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಅಂದಹಾಗೆ ಮಾಡಿದ ಅಲೆಗೂ ತಕರಾರು ಇಲ್ಲದಿಲ್ಲ. ಇಂಥ ಬೋಟುಗಳ ಅಲೆ ಇತರ ಬೋಟುಗಳ ಅಲೆಯ ಮಟ್ಟಕ್ಕೆ ಇಳಿಯಬೇಕಾದರೆ ಅವು ದಡದಿಂದ 500 ಅಡಿಗೂ ಹೆಚ್ಚು ದೂರವಿರಬೇಕೆಂದು ಮಿನ್ನೆಸೋಟಾ ವಿಶ್ವವಿದ್ಯಾಲಯದ ಸೇಂಟ್ ಆಂಥನಿ ಫಾಲ್ಸ್ ಪ್ರಯೋಗಾಲಯ 2022ರ ವರದಿಯಲ್ಲಿ ಹೇಳಿತು. ಅದರ ಮೇಲೆ ಸರೋವರದ ದಂಡೆಯವರು ಸಭೆಗಳಲ್ಲಿ ಕೂಗಾಡುವುದನ್ನು ಕೇಳಿದರೆ, ಉಳ್ಳಾಲದ ಕಡಲ್ಕೊರೆತ ಕಂಡಿರುವ ನನಗೆ ತುಸು ನಗು ಬರುತ್ತದೆ.

ಈ ಸಲ ರಜೆಯನ್ನು ಡಿಸೆಂಬರಿಗೆ ಬದಲಿಸಿದ್ದೇವೆ. ನನ್ನ ಅಣ್ಣನಿಗೆ ಫೋನ್ ಮಾಡಿ, ಶೆಡ್ಡಿನಲ್ಲಿ ಮಗಳಿಗೊಂದು ಹಲಗೆ ಮಾಡಿಸಬಹುದೇ, ಕೂಲಿ ಕೊಟ್ಟು ನಾವೂ ಜೊತೆಯಲ್ಲಿ ಕೂತು ಕಲಿಯಬಹುದೇ ಎಂದು ಕೇಳಿದೆ. ಊರೆಲ್ಲ ಅಣ್ಣ ಎನ್ನುತ್ತಿದ್ದ ಶೆಡ್ಡಿನ ಆ ಹಿರಿಯರು ತೀರಿಕೊಂಡು ಆಗಲೇ ಕೆಲವು ವರ್ಷವಾಗಿದೆ, ಈಗ ಶೆಡ್ಡನ್ನು ಅವರ ಮಗ ನೋಡಿಕೊಳ್ಳುತ್ತಾನೆ ಎಂದು ಗೊತ್ತಾದದ್ದು ಆಗಲೇ. ನಾಡದೋಣಿಯ ಹಿಂದೆ ಹಗ್ಗ ಕಟ್ಟಿ ಎಳೆದರೆ ಸಾಲದೇ ಎಂದು ನನ್ನ ಅಣ್ಣ ಕೇಳಿದ. ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲ್ಲರ್ ಹಿಂದಕ್ಕೇ ಚಾಚಿರುವುದರಿಂದ ಆ ಮಾತೇ ಬೇಡ, ಮೇಲಾಗಿ ಕಡಲಿಗೆ ಐದಡಿಯ ಹಲಗೆ ಕಲಿಯುವವರಿಗೆ ಸಾಲದು, ಏಳೆಂಟು ಅಡಿಯದು ಬೇಕು ಎಂದೆ. ಶೆಡ್ಡಿನ ಹುಡುಗ ಒಪ್ಪಿದ್ದಾನಂತೆ. ಎಪಾಕ್ಸಿಯನ್ನು ಮಂಗಳೂರಿನಿಂದ ತರಿಸುವುದು ಅಣ್ಣನ ಹೊಣೆ. ಮುಖವಾಡ, ಕೈಗವಸುಗಳನ್ನು ಶೆಡ್ಡಿನ ಎಲ್ಲರಿಗೂ ಆಗುವಷ್ಟು ಇಲ್ಲಿಂದಲೇ ಒಯ್ಯುತ್ತೇನೆ. ಹಾಕಿಕೊಳ್ಳುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು. ಫೋನು ಕಸಿದುಕೊಂಡ ಅಮ್ಮ ಹೇಳಿದ್ದು ಇಷ್ಟು: “ಎಂಥ ಮಾರಾಯ್ತಿ, ಅಲ್ಲಿಂದ ಇಲ್ಲಿಗೆ ಬರುವುದು ಮಗಳನ್ನು ಕಡಲಿಗೆ ದೂಡ್ಲಿಕ್ಕಾ? ಆಗ್ಲಿ, ಬನ್ನಿ. ಆದರೆ ಮೊದಲು ಕೆರೆಯಲ್ಲಿ ಈಜಿ ತೋರಿಸ್ಲಿ. ಒಣಗಿದ ಕಾಯಿ ಅಟ್ಟದಲ್ಲಿ ಬೇಕಾದಷ್ಟು ಉಂಟು.”